ಮಗ ಎರಡು ವರ್ಷ ಮಿಷನ್‌ಗೆ ಹೊರಟಿದ್ದಾನೆ, ತಡೆಯಬಹುದೇ?

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ಹದಿನೈದು ವರ್ಷಗಳಿಂದ ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿನಲ್ಲಿದ್ದೇವೆ. ಯಜಮಾನರದು ಸಾಫ್ಟ್‌ವೇರ್ ಕೆಲಸ. ಎರಡು ವರ್ಷದ ಹಿಂದೆ ಮನೆಯವರಿಗೆಲ್ಲ ಗ್ರೀನ್ ಕಾರ್ಡ್ ಬಂತು. ಒಬ್ಬನೇ ಮಗ, 19 ದಾಟಿದೆ. ಹೈಸ್ಕೂಲಿನ ಗೆಳೆಯರ ಜೊತೆ ಮಾರ್ಮನ್ ಎಂಬ ಕ್ರೈಸ್ತ ಪಂಥದ ಚರ್ಚಿಗೆ ಹೋಗುತ್ತಿದ್ದವನು 18 ತುಂಬಿದ ಮೇಲೆ ನಮಗೆ ಹೇಳಿಯೇ ಸ್ನಾನದೀಕ್ಷೆ ಪಡೆದ. ಈಗ ಫಿಲಿಪ್ಪೀನ್ಸ್‌ನ ಸೆಬುವಿಗೆ ಮಿಷನರಿಯಾಗಿ ಹೋಗಲು ಚರ್ಚಿನಿಂದ ಕರೆಪತ್ರ ಬಂದಿದೆ, ಹೊರಡಲು ಮೂರು ತಿಂಗಳಿದೆ. ವಾರಕ್ಕೊಮ್ಮೆ ಮಾತ್ರ ಫೋನಂತೆ, ಎರಡು ವರ್ಷ ಊರಿಗೆ ಬರುವಂತಿಲ್ಲವಂತೆ, ಸಂಬಳವಿಲ್ಲ, ನಾವೇ ದುಡ್ಡು ಕಟ್ಟಬೇಕಂತೆ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುತ್ತಾರೆ, ಅಲ್ಲೇ ಯಾರಿಗಾದರೂ ಗಂಟುಹಾಕುತ್ತಾರೆ, ಅವರಲ್ಲಿ ಒಬ್ಬೊಬ್ಬನಿಗೆ ಮೂರು ಮೂರು ಹೆಂಡಂದಿರು ಎಂದೆಲ್ಲ ಕೇಳಿ ಊರಿನಲ್ಲಿ ಅತ್ತೆ ಅಳುತ್ತಿದ್ದಾರೆ. ‘ಹೋದರೆ ಮತ್ತೆ ಈ ಮನೆಯ ಮೆಟ್ಟಿಲು ಹತ್ತಬೇಡ’ ಎಂದು ಯಜಮಾನರು ಹೇಳಿಬಿಟ್ಟಿದ್ದಾರೆ. ಮಗ ಇದುವರೆಗೆ ಮೊಟ್ಟೆಯನ್ನೂ ತಿಂದವನಲ್ಲ. ಅವನ ತಲೆ ಕೆಡಿಸಿದ್ದಾರೆಯೇ? ನಾನೇನು ಮಾಡಲಿ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಗ ನಮ್ಮ ದೇವರನ್ನು ಬಿಟ್ಟ ಎಂಬುದು ಒಂದು, ಮಗನಿಗೆ ಅಪಾಯವಾದೀತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಬಳಿ ಮದ್ದಿಲ್ಲ. ಅದು ದುಃಖವೇ, ಪಡಬೇಡಿ ಎಂದು ನಾನು ಹೇಳಿದರೆ ಅದು ಹೋಗುವುದೂ ಇಲ್ಲ. ಎರಡನೆಯದರ ಬಗ್ಗೆ ತಕ್ಕಮಟ್ಟಿಗೆ ಹೇಳಬಲ್ಲೆ. ನಾನು ಆ ಚರ್ಚಿನವಳಲ್ಲ. ಆದರೆ ಯೂಟಾದಲ್ಲಿ ಆಪ್ತಸಮಾಲೋಚಕಿಯಾಗಿರುವವಳ ಎದುರಿನ ಕುರ್ಚಿಯಲ್ಲಿ ಮಿಷನ್‌ಗೆ ಹೊರಡುವವರು, ಮುಗಿಸಿ ಬಂದವರು, ಅರ್ಧಕ್ಕೆ ಮರಳಿದವರು ಎಲ್ಲರೂ ಬಂದು ಕೂರುತ್ತಾರೆ.

ನಿಮ್ಮ ಅತ್ತೆಯ ಕಣ್ಣೀರಿನಿಂದಲೇ ಶುರುಮಾಡೋಣ. ಬಹುಪತ್ನಿತ್ವ ಆ ಚರ್ಚಿನ ಹಳೆಯ ಚರಿತ್ರೆಯಲ್ಲಿ ಇದ್ದದ್ದು ನಿಜ. 1890ರಲ್ಲಿ ಅದನ್ನು ಕೈಬಿಡುವುದಾಗಿ ಅವರ ಅಧ್ಯಕ್ಷರು ಸಾರಿದರು. ಇಂದು ಯಾರಾದರೂ ಹಾಗೆ ಮಾಡಿದರೆ ಚರ್ಚಿನಿಂದ ಹೊರಗೆ ಹಾಕುತ್ತಾರೆ. ಸುದ್ದಿಯಲ್ಲಿ ಬರುವ ಅನೇಕ ಹೆಂಡಂದಿರ ಸಂಸಾರಗಳು ಮೂಲ ಚರ್ಚಿನಿಂದ ಒಡೆದುಹೋದ ಸಣ್ಣ ಗುಂಪುಗಳವು. ಇನ್ನು ಅಲ್ಲೇ ಮದುವೆ ಮಾಡಿಬಿಡುವ ಮಾತು ಪೂರ್ತಿ ತಲೆಕೆಳಗು. ಮಿಷನ್ ಮುಗಿಯುವವರೆಗೆ ಹುಡುಗಿಯ ಜೊತೆ ಒಬ್ಬನೇ ಕುಳಿತು ಮಾತನಾಡುವುದಕ್ಕೂ ಅವರಿಗೆ ಅನುಮತಿಯಿಲ್ಲ. ಕಾಫಿ, ಟೀ, ಮದ್ಯ, ತಂಬಾಕು ಯಾವುದೂ ಇಲ್ಲ. 19ರ ಹುಡುಗ ಕಾಲೇಜಿನ ಹಾಸ್ಟೆಲಿನಲ್ಲಿ ಕೆಡಲು ಇರುವಷ್ಟು ದಾರಿ ಅಲ್ಲಿಲ್ಲ ಎಂದು ಅತ್ತೆಗೆ ಧೈರ್ಯವಾಗಿ ಹೇಳಿ.

ದುಡ್ಡಿನ ವಿಷಯ ನಿಜ. ಮಿಷನರಿಗೆ ಸಂಬಳವಿಲ್ಲ, ಜನರನ್ನು ಸೇರಿಸಿದರೆ ಇಷ್ಟು ಎಂಬ ಕಮಿಷನ್ನೂ ಇಲ್ಲ. ಅಮೆರಿಕದಿಂದ ಹೋಗುವವರು ತಿಂಗಳಿಗೆ ಒಂದೇ ಮೊತ್ತ ಕಟ್ಟುತ್ತಾರೆ; 2020ರ ಜುಲೈಯಿಂದ ಅದು 500 ಡಾಲರ್. ಹಾಗಾದರೆ ಎರಡು ವರ್ಷಕ್ಕೆ 12,000. ಹೋಗುವ ಊರು ಟೋಕಿಯೋ ಆದರೂ ಸೆಬು ಆದರೂ ಅಷ್ಟೇ. ಬಾಡಿಗೆ, ಊಟದ ಖರ್ಚು, ಓಡಾಟ ಇದರಲ್ಲೇ ಸಾಗುತ್ತದೆ. ಒಂದು ಮಾತು ನಿಮ್ಮ ಯಜಮಾನರಿಗೆ: ನಾನು ಕೊಡುವುದಿಲ್ಲ ಎಂದರೆ ಮಗ ಉಳಿದಾನು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮನೆಯವರಿಂದ ಆಗದಿದ್ದರೆ ಅವನ ಸಭೆಯವರೇ ಸೇರಿ ಭರಿಸುವ ಏರ್ಪಾಡು ಇರುತ್ತದೆ. ಕಾನೂನಿನ ಲೆಕ್ಕದಲ್ಲಿ ಅವನು ಪ್ರಾಪ್ತ ವಯಸ್ಕ. ತಡೆಯುವ ಅಧಿಕಾರ ನಿಮಗಿಲ್ಲ; ಬಲವಂತವಾಗಿ ಇಟ್ಟುಕೊಳ್ಳುವ ಅಧಿಕಾರ ಚರ್ಚಿಗೂ ಇಲ್ಲ. ಯಾವ ದಿನ ಬೇಕಾದರೂ ‘ನಾನು ಮನೆಗೆ ಹೋಗುತ್ತೇನೆ’ ಎಂದು ಎದ್ದು ಬರಬಹುದು. ಹಾಗೆ ಎದ್ದು ಬರುವುದು ಮನಸ್ಸಿಗೆ ಎಷ್ಟು ಕಷ್ಟ ಎಂಬುದನ್ನು ಮುಂದೆ ಹೇಳುತ್ತೇನೆ.

ಪಾಸ್‌ಪೋರ್ಟಿನ ಭಯಕ್ಕೆ ಸ್ವಲ್ಪ ಆಧಾರವಿದೆ. ವೀಸಾ ನವೀಕರಣ, ಸರ್ಕಾರಿ ನೋಂದಣಿ ಎಂದು ಮಿಷನ್ ಕಚೇರಿಯಲ್ಲಿ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಕೆಲವು ಕಡೆ ನಡೆದುಬಂದಿದೆ. ಎಲ್ಲಿರುತ್ತದೆ, ಕೇಳಿದರೆ ಎಷ್ಟು ಹೊತ್ತಿನಲ್ಲಿ ಕೈಗೆ ಕೊಡುತ್ತಾರೆ ಎಂದು ಹೊರಡುವ ಮುಂಚೆಯೇ ಮಗನಿಂದ ಕೇಳಿಸಿ. ಪ್ರತಿ ಪುಟದ ನಕಲು ನಿಮ್ಮಲ್ಲಿರಲಿ. ವಾಪಸು ಟಿಕೆಟ್ಟಿಗೆ ಸಾಲುವಷ್ಟು ಹಣ ಅವನ ಸ್ವಂತ ಖಾತೆಯಲ್ಲಿರಲಿ. ಇದು ಚರ್ಚಿನ ಮೇಲಿನ ಅಪನಂಬಿಕೆಯಲ್ಲ. ಪರದೇಶಕ್ಕೆ ಹೋಗುವ ಯಾರಿಗಾದರೂ ನಾನು ಹೇಳುವುದು ಇಷ್ಟೇ.

ತಲೆ ಕೆಡಿಸಿದ್ದಾರೆಯೇ ಎಂದು ಕೇಳಿದ್ದೀರಿ. ದಿನಚರಿಯನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

ಮೊದಲು ತರಬೇತಿ. ಬೇರೆ ಭಾಷೆ ಕಲಿಯಬೇಕಾದವರಿಗೆ ಆರೇಳು ವಾರವಾದರೂ ಹಿಡಿಯುತ್ತದೆ. ನಿಮ್ಮ ಮನೆಗೆ ಅರ್ಧ ಗಂಟೆಯ ದಾರಿಯಲ್ಲಿರುವ ಪ್ರೊವೊದ ಕೇಂದ್ರ ಇದಕ್ಕೆ ದೊಡ್ಡ ಹೆಸರು, ಮನಿಲಾದಲ್ಲೂ ಒಂದಿದೆ. ಆಮೇಲೆ ಕ್ಷೇತ್ರ. ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಒಬ್ಬನೇ ಗ್ರಂಥಾಧ್ಯಯನ, ಜೊತೆಗಾರನೊಂದಿಗೆ ಇನ್ನೊಂದು ಸುತ್ತು, ಭಾಷಾಭ್ಯಾಸ. ಹತ್ತರ ಹೊತ್ತಿಗೆ ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಬೀದಿಗೆ. ಸೆಬುವಿನ ಬಿಸಿಲು, ಬೆವರು, ಜೀಪ್ನಿ ಎಂಬ ಬಾಡಿಗೆ ವಾಹನದ ನೂಕಾಟ, ಬೀದಿನಾಯಿ, ಹಠಾತ್ತನೆ ಸುರಿಯುವ ಮಳೆ. ಜನರನ್ನು ಮಾತನಾಡಿಸುವುದು, ಒಪ್ಪಿದವರ ಮನೆಯಲ್ಲಿ ಪಾಠ, ಸಾಯಂಕಾಲ ಚರ್ಚಿನ ಯಾರದಾದರೂ ಮನೆಯಲ್ಲಿ ಊಟ. ಒಂಬತ್ತು, ಒಂಬತ್ತೂವರೆಗೆ ಕೋಣೆಗೆ ಮರಳಿ ನಾಳೆಯ ಯೋಜನೆ ಬರೆದು ಹತ್ತೂವರೆಗೆ ದೀಪ ಆರಿಸಬೇಕು. 2017ರಿಂದ ಈ ವೇಳಾಪಟ್ಟಿಯನ್ನು ಊರಿಗೆ ತಕ್ಕಂತೆ ಕೊಂಚ ಸಡಿಲಿಸಿದ್ದಾರೆ. ವಾರದಲ್ಲಿ ಒಂದು ದಿನ, ಸಾಮಾನ್ಯವಾಗಿ ಸೋಮವಾರ, ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಫೋನ್ ಮಾಡಲು ಬಿಡುವು. ಒಗೆಯುವುದು ಬಹಳ ಸಲ ಬಕೆಟ್ಟಿನಲ್ಲಿ, ಕೈಯಲ್ಲೇ. ಸಿನಿಮಾ ಇಲ್ಲ, ಆಟದ ಆ್ಯಪ್ ಇಲ್ಲ, ಕೇಳುವ ಹಾಡಿಗೂ ಮಿತಿ. ಮೊಬೈಲ್ ಇರುತ್ತದೆ, ಅದು ಕೆಲಸಕ್ಕೆ.

ಅಯ್ಯಪ್ಪ ಮಾಲೆ ಹಾಕಿಕೊಂಡವರನ್ನು ನೀವು ಊರಿನಲ್ಲಿ ನೋಡಿರುತ್ತೀರಿ. ಉಡುಪು ಬೇರೆ, ಊಟ ಬೇರೆ, ಹೆಸರು ಹೋಗಿ ಎಲ್ಲರೂ ‘ಸ್ವಾಮಿ’. ಇಲ್ಲೂ ಹುಡುಗರೆಲ್ಲ ‘ಎಲ್ಡರ್’, ಹುಡುಗಿಯರೆಲ್ಲ ‘ಸಿಸ್ಟರ್’. ಆದರೆ ಮಂಡಲದ ವ್ರತದಲ್ಲಿ ಮನೆಯವರು ಸುತ್ತ ಇರುತ್ತಾರೆ, ನಲವತ್ತೊಂದು ದಿನಕ್ಕೆ ಮಾಲೆ ಬಿಚ್ಚುತ್ತಾರೆ. ಇದು 24 ತಿಂಗಳು, ಮನೆಯವರಿಲ್ಲದೆ, ಮೇಲಿನವರು ಆರಿಸಿಕೊಟ್ಟ ಅಪರಿಚಿತನೊಬ್ಬನ ಜೊತೆ. ಅಂದಹಾಗೆ, ಎದೆಯ ಪಟ್ಟಿಯ ಮೇಲೆ ಬರೆಯುವುದು ಮನೆತನದ ಹೆಸರನ್ನು. ನಮ್ಮವರ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಎಷ್ಟೋ ಸಲ ತಂದೆಯ ಹೆಸರೇ ಇರುತ್ತದೆ. ನಿಮ್ಮ ಮನೆಯಲ್ಲೂ ಹಾಗೆಯೇ ಇದ್ದರೆ, ಮಾತು ಬಿಟ್ಟ ಅಪ್ಪನ ಹೆಸರು ಹೊತ್ತೇ ಹುಡುಗ ಸೆಬುವಿನ ಬೀದಿ ಸುತ್ತುತ್ತಾನೆ. ಇದನ್ನು ಯಜಮಾನರ ಕಿವಿಗೆ ಯಾವಾಗಲಾದರೂ ಹಾಕಿ.

ಇದು ತಲೆ ಕೆಡಿಸುವುದೇ ಎಂದರೆ, ಅಲ್ಲಿ ಕೂಡಿಹಾಕುವುದಿಲ್ಲ, ಹೊಡೆಯುವುದಿಲ್ಲ, ಬಾಗಿಲಿಗೆ ಬೀಗವಿಲ್ಲ. ಹೊಸದಾಗಿ ಸೇರಿದವನು ಮಿಷನ್‌ಗೆ ಹೋಗಬೇಕಾದರೆ ಒಂದು ವರ್ಷವಾದರೂ ಕಾಯಬೇಕು ಎಂಬ ನಿಯಮ ಅವರದೇ. ನಿಮ್ಮ ಮಗ ಕಾದಿದ್ದಾನೆ, ಸಂದರ್ಶನ, ವೈದ್ಯಕೀಯ ಪರೀಕ್ಷೆ ಮುಗಿಸಿದ್ದಾನೆ. ಆತುರದಲ್ಲಿ ಓಡಿಹೋದವನ ಲಕ್ಷಣವಲ್ಲ ಇದು. ಹಾಗೆಂದು ಚರ್ಚಿನವರು ಹೇಳುವಂತೆ ಬರೀ ಸಂತೋಷದ ಸೇವೆ ಎಂದೂ ನಾನು ಹೇಳಲಾರೆ. ಏಕಾಂತವಿಲ್ಲ, ಬಿಡುವಿಲ್ಲ, ಹೊರಗಿನ ಮಾತು ಕಿವಿಗೆ ಬೀಳುವುದು ಕಡಿಮೆ, ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದಷ್ಟೂ ಫಲ ಎಂಬ ಮಾತು ದಿನವೂ. ಇಂಥ ವಾತಾವರಣ ಕೆಲವರನ್ನು ಗಟ್ಟಿ ಮಾಡುತ್ತದೆ, ಕೆಲವರನ್ನು ಒಳಗಿನಿಂದ ಕೊರೆಯುತ್ತದೆ. ನಿಮ್ಮ ಮಗ ಎರಡರಲ್ಲಿ ಯಾವ ಬಗೆಯವನು ಎಂಬುದು ಚರ್ಚಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಪರೀಕ್ಷೆಗೆ ಮುಂಚೆ ಊಟ ಬಿಡುತ್ತಿದ್ದನೇ? ಸಣ್ಣ ತಪ್ಪಿಗೆ ವಾರಗಟ್ಟಲೆ ಕೊರಗುತ್ತಿದ್ದನೇ? ಹಿಂದೆ ಎಂದಾದರೂ ಖಿನ್ನತೆ, ಆತಂಕಕ್ಕೆ ಔಷಧಿ ತೆಗೆದುಕೊಂಡಿದ್ದನೇ? ಹೌದಾದರೆ ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟಿಲ್ಲ ತಾನೇ ಎಂದು ಕೇಳಿ. ಎಷ್ಟೋ ಹುಡುಗರು ಮುಚ್ಚಿಡುತ್ತಾರೆ. ಹೊರಟ ಮೂರನೆಯ ತಿಂಗಳಿಗೆ ಮಾತ್ರೆ ನಿಲ್ಲಿಸಿ, ಐದನೆಯ ತಿಂಗಳಿಗೆ ಹಾಸಿಗೆ ಬಿಟ್ಟು ಏಳಲಾರದ ಸ್ಥಿತಿಗೆ ಬರುವವರು ಹೆಚ್ಚಾಗಿ ಇವರೇ.

ಬಿಸಿಲಾಗಲಿ ಮುಚ್ಚಿದ ಬಾಗಿಲುಗಳಾಗಲಿ ಹೆಚ್ಚಿನವರನ್ನು ಕೆಡಹುವುದಿಲ್ಲ. ಮಿಷನ್ ಮುಗಿಸಿದವರು ನನ್ನೆದುರು ಹೆಚ್ಚು ಮಾತನಾಡುವುದು ಜೊತೆಗಾರನ ಬಗ್ಗೆ. ಸ್ನಾನದ ಮನೆ ಬಿಟ್ಟರೆ ಸದಾ ಒಬ್ಬರಿಗೊಬ್ಬರು ಕಣ್ಣಳತೆಯಲ್ಲಿರಬೇಕು. ಆರು ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ ಬರುತ್ತದೆ. ಜೊತೆಗಾರ ಬದಲಾಗಬಹುದು, ಊರು ಬದಲಾಗಬಹುದು, ಎರಡೂ ಉಳಿಯಬಹುದು. ಒಳ್ಳೆಯ ಜೊತೆಗಾರ ಸಿಕ್ಕರೆ ಜೀವಮಾನದ ಗೆಳೆತನ. ಮಾತೇ ಆಡದವನೋ ಮೂದಲಿಸುವವನೋ ಸಿಕ್ಕರೆ ಆ ಆರು ವಾರ ಬಹಳ ಉದ್ದ. ದೂರು ಹೇಳಲು ಮಿಷನ್ ಅಧ್ಯಕ್ಷರಿದ್ದಾರೆ. ಸಾಮಾನ್ಯವಾಗಿ ಮೂರು ವರ್ಷಕ್ಕೆಂದು ಹೆಂಡತಿಯ ಜೊತೆ ಬಂದು ನೂರಾರು ಹುಡುಗ ಹುಡುಗಿಯರನ್ನು ನೋಡಿಕೊಳ್ಳುವ ಹಿರಿಯರು. ಒಳ್ಳೆಯವರು ತುಂಬ ಇದ್ದಾರೆ, ಆದರೆ ಅವರಲ್ಲಿ ಹೆಚ್ಚಿನವರು ಮನೋವೈದ್ಯರಲ್ಲ; ವಕೀಲರು, ವ್ಯಾಪಾರಿಗಳು, ಮೇಷ್ಟರು. ‘ಇನ್ನಷ್ಟು ಪ್ರಾರ್ಥಿಸು, ಇನ್ನಷ್ಟು ದುಡಿ’ ಎಂಬುದು ಮನೆ ನೆನೆದು ಅಳುವವನಿಗೆ ಸಹಾಯ ಮಾಡೀತು. ಖಿನ್ನತೆಗೆ ಅದು ವಿಷ. ಮಾನಸಿಕ ಆರೋಗ್ಯದ ಸಲಹೆಗಾರರನ್ನು ಚರ್ಚೇ ನೇಮಿಸಿದೆ, ಒತ್ತಡವನ್ನು ಹೇಗೆ ಅಳೆದುಕೊಳ್ಳಬೇಕೆಂಬ ಕೈಪಿಡಿಯೂ ಇದೆ. ಅವರವರೆಗೆ ಮಾತು ತಲುಪಬೇಕಾದರೆ ಹುಡುಗ ಬಾಯಿ ಬಿಡಬೇಕು. ಅಲ್ಲೇ ಸಿಕ್ಕಿಕೊಳ್ಳುವುದು.

ಬಾಯಿ ಏಕೆ ಬಿಡುವುದಿಲ್ಲ ಎಂದರೆ, ಯೂಟಾದಲ್ಲಿ ಅರ್ಧಕ್ಕೆ ಬಂದವನನ್ನು ಯಾರೂ ಬೈಯುವುದಿಲ್ಲ, ಆದರೆ ಭಾನುವಾರದ ಸಭೆಯಲ್ಲಿ ‘ಇಷ್ಟು ಬೇಗ ಬಂದೆಯಾ?’ ಎಂದು ಕೇಳಿಯೇ ಕೇಳುತ್ತಾರೆ. ಅನಾರೋಗ್ಯದಿಂದ ಗೌರವಪೂರ್ವಕವಾಗಿಯೇ ಬಿಡುಗಡೆ ಸಿಕ್ಕಿದ್ದರೂ ತಾನು ಸೋತೆ ಎಂಬ ಭಾವ ಅವರನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಇನ್ನು ನಿಮ್ಮ ಮಗನ ಸ್ಥಿತಿ ನೋಡಿ. ಚರ್ಚಿನ ಮುಂದೆ ಸೋತವನಾಗಬೇಕು, ಮನೆಯಲ್ಲಿ ‘ನಾವು ಹೇಳಿರಲಿಲ್ಲವೇ’ ಕೇಳಬೇಕು, ಮೇಲೆ ಅಪ್ಪ ಮೆಟ್ಟಿಲು ಹತ್ತಬೇಡ ಎಂದಿದ್ದಾರೆ. ಜ್ವರ ಬಂದರೂ, ಮನಸ್ಸು ಮುರಿದರೂ ಅವನು ಅಲ್ಲೇ ಹಲ್ಲು ಕಚ್ಚಿ ಕೂರುತ್ತಾನೆ. ಮಿಷನ್‌ನಿಂದ ಮಗನನ್ನು ಉಳಿಸಲು ಯಜಮಾನರು ಆಡಿದ ಮಾತು ಅವನನ್ನು ಮಿಷನ್‌ನಲ್ಲೇ ಕಟ್ಟಿಹಾಕುವ ಹಗ್ಗವಾಗಿದೆ. ನೀವು ಮೂರು ತಿಂಗಳಲ್ಲಿ ಒಂದೇ ಕೆಲಸ ಮಾಡಲು ಸಾಧ್ಯವಾದರೆ, ಆ ಮಾತನ್ನು ಯಜಮಾನರ ಬಾಯಿಂದಲೇ ವಾಪಸು ತೆಗೆಸಿ. ಒಪ್ಪಿಗೆ ಕೊಡಬೇಕೆಂದಿಲ್ಲ. ‘ನನಗೆ ಇದು ಇಷ್ಟವಿಲ್ಲ. ಯಾವ ದಿನ ಬಂದರೂ ಮನೆ ನಿನ್ನದೇ, ಏಕೆ ಬಂದೆ ಎಂದು ಕೇಳುವುದಿಲ್ಲ’ ಎಂದರೆ ಸಾಕು.

ನಿಮ್ಮ ಮುಂದಿರುವ ದಾರಿಗಳ ಬಗ್ಗೆ. ಒಂದು ವರ್ಷ ತಡವಾಗಿ ಹೋಗು ಎಂದು ಕೇಳಬಹುದು, ತಪ್ಪಿಲ್ಲ. ಹುಡುಗರು 25ರವರೆಗೆ ಹೋಗಲು ಅವಕಾಶವಿದೆ. ಕಾಲೇಜಿನ ಒಂದು ವರ್ಷ ಮುಗಿಸಲಿ, ಒಂಟಿಯಾಗಿ ಬದುಕಿ ಅಭ್ಯಾಸವಾಗಲಿ ಎಂಬುದು ನ್ಯಾಯವಾದ ಮಾತು. ಆದರೆ ವರ್ಷ ಕಳೆದರೆ ಮನಸ್ಸು ಬದಲಾದೀತು ಎಂಬ ಆಸೆಯನ್ನು ಒಳಗಿಟ್ಟುಕೊಂಡು ಕೇಳಿದರೆ ಅವನಿಗೆ ಗೊತ್ತಾಗುತ್ತದೆ. ಮನೆಯಲ್ಲೇ ಇದ್ದುಕೊಂಡು ಆಹಾರ ಭಂಡಾರ, ಆಸ್ಪತ್ರೆ ಮುಂತಾದ ಕಡೆ ದುಡಿಯುವ ಸೇವಾ ಮಿಷನ್ ಎಂಬ ಇನ್ನೊಂದು ಬಗೆಯಿದೆ. ಆರೋಗ್ಯದ ತೊಂದರೆಯಿದ್ದವರಿಗೆ, ಮಧ್ಯದಲ್ಲಿ ಮರಳಿದವರಿಗೆ ಅದು ಒಳ್ಳೆಯ ದಾರಿ. ಎಲ್ಲ ಸರಿಯಿರುವ ಹುಡುಗ ಅದಕ್ಕೆ ಒಪ್ಪುವುದು ಕಡಿಮೆ. ಸಂಬಂಧ ಕಡಿದುಕೊಳ್ಳುವುದು ಮೂರನೆಯದು. ಅದರ ಫಲವನ್ನು ಆಗಲೇ ಹೇಳಿದೆ. ನನ್ನ ಅಭಿಪ್ರಾಯ ಕೇಳಿದರೆ, ಆರೋಗ್ಯವಂತನಾಗಿದ್ದರೆ ಕಳುಹಿಸಿ, ತಯಾರು ಮಾಡಿ ಕಳುಹಿಸಿ. ಹೋಗಿ ಬಂದ ಮೇಲೆ ಅವನು ನಂಬಿಕೆಯಲ್ಲಿ ಇನ್ನಷ್ಟು ಗಟ್ಟಿಯಾಗಬಹುದು, ಸಡಿಲವಾಗಲೂಬಹುದು, ಎರಡನ್ನೂ ಕಂಡಿದ್ದೇನೆ. ಅದರ ಮೇಲೆ ಬಾಜಿ ಕಟ್ಟಬೇಡಿ. ಕಾಲೇಜಿನ ಸೀಟು ಹೋದೀತೆಂಬ ಚಿಂತೆ ಮಾತ್ರ ಬೇಡ. ಯೂಟಾದ ವಿಶ್ವವಿದ್ಯಾಲಯಗಳಿಗೆ ಇದು ಹಳೆಯ ರೂಢಿ; ಅರ್ಜಿ ಹಾಕಿದರೆ ಸೀಟನ್ನು ಕಾಯ್ದಿರಿಸುತ್ತಾರೆ. ವಿದ್ಯಾರ್ಥಿವೇತನದ ನಿಯಮವನ್ನು ಬೇರೆಯಾಗಿ ವಿಚಾರಿಸಿ.

ತಯಾರಿ ಎಂದರೆ ಮುಖ್ಯವಾಗಿ ಅಡುಗೆ. ಫಿಲಿಪ್ಪೀನ್ಸ್‌ನಲ್ಲಿ ಮೂರು ಹೊತ್ತೂ ಅನ್ನ ಉಂಟು, ಪುಣ್ಯ. ಆದರೆ ಪಕ್ಕದಲ್ಲಿ ಹಂದಿ, ಕೋಳಿ, ಮೀನು. ತರಕಾರಿ ಪಲ್ಯದಲ್ಲೂ ಸಿಗಡಿಯ ಗೊಜ್ಜು ಸೇರಿರುತ್ತದೆ. ಮಾಂಸ ತಿನ್ನಲೇಬೇಕೆಂದು ಚರ್ಚು ಹೇಳುವುದಿಲ್ಲ. ಒತ್ತಡ ಬರುವುದು ಅಕ್ಕರೆಯಿಂದ: ಬಡ ಮನೆಯವರು ಇದ್ದ ಒಂದು ಕೋಳಿ ಕುಯ್ದು ಬಡಿಸಿದಾಗ ಬೇಡ ಎನ್ನಲು ಬಾಯಿ ಬರುವುದಿಲ್ಲ. ಅವನು ಏನು ತಿನ್ನಬೇಕೆಂಬ ತೀರ್ಮಾನ ಅವನದು. ತಿನ್ನುವುದಿಲ್ಲ ಎಂದರೆ ಅದನ್ನು ನಗುತ್ತ ಹೇಳುವ ಒಂದು ವಾಕ್ಯವನ್ನು ಸೆಬುವಾನೋ ಭಾಷೆಯಲ್ಲಿ ಮೊದಲ ವಾರವೇ ಕಲಿಯಲಿ. ಮಿಷನರಿಗಳ ಕೋಣೆಯಲ್ಲಿ ಪೊಟ್ಟಣದ ನೂಡಲ್ಸ್ ಮತ್ತು ಬ್ರೆಡ್ಡೇ ರಾಜ್ಯಭಾರ ಮಾಡುತ್ತವೆ; ಅದರಲ್ಲೇ ದಿನ ದೂಡಿದರೆ ಸಸ್ಯಾಹಾರಿ ಹುಡುಗ ಬೇಗ ಸೊರಗುತ್ತಾನೆ. ಹೆಸರುಬೇಳೆ ಅಲ್ಲಿ ಧಾರಾಳ, ತೋಫು ಸಿಗುತ್ತದೆ, ಬದನೆ, ಬೆಂಡೆ, ಹಾಗಲ, ನುಗ್ಗೆಸೊಪ್ಪು, ತೆಂಗಿನಕಾಯಿ ಎಲ್ಲ ಮಾರುಕಟ್ಟೆಯಲ್ಲಿವೆ. ತೊವ್ವೆ, ಸಾರು, ಚಿತ್ರಾನ್ನ, ಉಪ್ಪಿಟ್ಟು, ಒಂದೆರಡು ಪಲ್ಯ ಅವನ ಕೈಗೆ ಹತ್ತಿಸಿ. ಸಾರಿನಪುಡಿ, ಇಂಗು ಕಟ್ಟಿಕೊಡಿ. ಕಳುಹಿಸುವ ಮುಂಚೆ ಬಿ12 ಪರೀಕ್ಷೆ ಮಾಡಿಸಿ. ಪ್ರಯಾಣ ಚಿಕಿತ್ಸಾಲಯದಲ್ಲಿ ರೇಬೀಸ್ ಮುಂಜಾಗ್ರತಾ ಲಸಿಕೆ, ಟೈಫಾಯ್ಡ್ ಲಸಿಕೆ ಕೇಳಿ. ಡೆಂಗಿ ಅಲ್ಲಿ ಸಾಮಾನ್ಯ, ಸೊಳ್ಳೆ ತೈಲ ಮರೆಯಬೇಡಿ. ಚಂಡಮಾರುತದ ಭಯ ನಿಮಗೆ ಇದ್ದೇ ಇರುತ್ತದೆ. 2013ರ ನವೆಂಬರ್‌ನಲ್ಲಿ ಹೈಯಾನ್ ಚಂಡಮಾರುತ ತಕ್ಲೋಬಾನ್ ನಗರವನ್ನು ನೆಲಸಮ ಮಾಡಿದಾಗ ಅಲ್ಲಿದ್ದ ಮಿಷನರಿಗಳನ್ನೆಲ್ಲ ಕೆಲವೇ ದಿನಗಳಲ್ಲಿ ಪತ್ತೆಹಚ್ಚಿ ಬೇರೆಡೆಗೆ ಸಾಗಿಸಿದ್ದರು. ಈ ವಿಷಯದಲ್ಲಿ ಅವರ ಶಿಸ್ತು ಮೆಚ್ಚಬೇಕಾದದ್ದು.

ಇನ್ನು ವಾರದ ಫೋನ್. 2019ರ ಫೆಬ್ರುವರಿಯವರೆಗೆ ವರ್ಷಕ್ಕೆ ಎರಡೇ ಕರೆ, ಕ್ರಿಸ್ಮಸ್‌ಗೆ ಒಂದು, ತಾಯಂದಿರ ದಿನಕ್ಕೆ ಒಂದು. ಉಳಿದಂತೆ ಪತ್ರ, ಇಮೇಲ್. ಈಗ ಬಿಡುವಿನ ದಿನ ವಿಡಿಯೊ ಕರೆ ಮಾಡಬಹುದು. ಸೆಬುವಿನ ಸೋಮವಾರ ಬೆಳಿಗ್ಗೆ ಹತ್ತು ಎಂದರೆ ನಿಮಗೆ ಭಾನುವಾರ ಸಂಜೆ ಏಳೋ ಎಂಟೋ, ಹಾಸನದಲ್ಲಿ ಸೋಮವಾರ ಬೆಳಿಗ್ಗೆ ಏಳೂವರೆ. ಅಜ್ಜಿಯನ್ನೂ ಕರೆಗೆ ಸೇರಿಸಿಕೊಳ್ಳಿ, ಮೊಮ್ಮಗನ ಮುಖ ಕಂಡರೆ ಅವರ ಅರ್ಧ ಭಯ ಇಳಿಯುತ್ತದೆ. ಕರೆಯ ಹೊತ್ತಿಗೆ ಜೊತೆಗಾರ ಅದೇ ಕೋಣೆಯಲ್ಲಿರುತ್ತಾನೆ ಎಂಬುದು ನೆನಪಿರಲಿ. ಆದ್ದರಿಂದ ಮಾತು ಕನ್ನಡದಲ್ಲಿರಲಿ. ಬೇರೆ ಮಿಷನರಿಗಳಿಗೆ ಇಲ್ಲದ ಗುಟ್ಟಿನ ಸೌಕರ್ಯ ನಿಮ್ಮ ಮಗನಿಗಿದೆ. ಅವನ ಕನ್ನಡ ತುಕ್ಕು ಹಿಡಿದಿದ್ದರೆ ಈ ಮೂರು ತಿಂಗಳಲ್ಲಿ ಉಜ್ಜಿ.

ಆ ಗಂಟೆಯನ್ನು ವಾದಕ್ಕೆ ಬಳಸಬೇಡಿ. ಯಾವ ದೇವರು ದೊಡ್ಡವನು ಎಂಬ ಮಾತು ಎರಡು ವಾರ ನಡೆದರೆ ಮೂರನೆಯ ವಾರ ‘ಕೆಲಸ ಇತ್ತು’ ಎಂದು ಕರೆ ಹತ್ತು ನಿಮಿಷಕ್ಕೆ ಇಳಿಯುತ್ತದೆ. ‘ಚೆನ್ನಾಗಿದ್ದೀಯಾ?’ ಎಂದರೆ ‘ಚೆನ್ನಾಗಿದ್ದೇನೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ, ಅದರಿಂದ ಏನೂ ತಿಳಿಯದು. ರಾತ್ರಿ ಎಷ್ಟು ಗಂಟೆಗೆ ನಿದ್ದೆ ಬಂತು, ನಿನ್ನೆ ಏನು ಅಡುಗೆ, ಜೊತೆಗಾರನ ಊರು ಯಾವುದು, ಈ ವಾರ ಯಾವಾಗ ನಕ್ಕೆ, ಹೀಗೆ ಕೇಳಿ. ಮೈ ಇಳಿಯುವುದು, ನಿದ್ದೆ ಕೆಡುವುದು, ಅದೇ ಹಳೆಯ ತಪ್ಪನ್ನು ಮತ್ತೆ ಮತ್ತೆ ಒಪ್ಪಿಕೊಳ್ಳುವುದು, ‘ನಾನು ಇದಕ್ಕೆ ಯೋಗ್ಯನಲ್ಲ’ ಎಂಬ ಮಾತು ಎರಡು ಮೂರು ವಾರ ಸತತವಾಗಿ ಕಂಡರೆ ಕಾಯಬೇಡಿ. ಮಿಷನ್ ಅಧ್ಯಕ್ಷರ ಕಚೇರಿಗೆ ನೀವೇ ಫೋನ್ ಮಾಡಿ ವೈದ್ಯರಿಗೆ ತೋರಿಸಬೇಕೆಂದು ಸ್ಪಷ್ಟವಾಗಿ ಕೇಳಿ. ಆ ಸಂಖ್ಯೆ ಮಗ ಹೊರಡುವ ಮುಂಚೆಯೇ ನಿಮ್ಮ ಬಳಿ ಇರಬೇಕು. ಸಾಯುವ ಮಾತು ಒಮ್ಮೆ ಬಂದರೂ ಅದೇ ಗಂಟೆ ಫೋನ್ ಮಾಡಿ. ನೀವು ಚರ್ಚಿನವರಲ್ಲ ಎಂದು ಹಿಂಜರಿಯಬೇಕಿಲ್ಲ, ತಾಯಿ ಎಂಬುದೇ ಸಾಕು.

ಹೊರಡುವ ಮುಂಚೆ ಅವನು ಭಾನುವಾರದ ಸಭೆಯಲ್ಲಿ ಮಾತನಾಡುತ್ತಾನೆ, ಕರೆದರೆ ಹೋಗಿ. ಪ್ರಸಾದದಂತೆ ಹಂಚುವ ರೊಟ್ಟಿ, ನೀರಿನ ತಟ್ಟೆ ಬಂದಾಗ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಚರ್ಚಿಗಿಂತ ಬೇರೆಯಾದ, ಟೆಂಪಲ್ ಎಂದು ಅವರು ಕರೆಯುವ ಪವಿತ್ರ ಭವನದೊಳಗೆ ಮಾತ್ರ ನಿಮ್ಮನ್ನು ಬಿಡುವುದಿಲ್ಲ, ಅನುಮತಿ ಚೀಟಿಯಿಲ್ಲದ ಅವರ ಸದಸ್ಯರನ್ನೂ ಬಿಡುವುದಿಲ್ಲ. ಅದು ನಿಮಗೆ ಮಾಡಿದ ಅವಮಾನವಲ್ಲ.

ಕೊನೆಗೆ ನೀವು ಕೇಳದ ಒಂದು ವಿಷಯ. ಮಗನಿಗಿರುವುದು ಗ್ರೀನ್ ಕಾರ್ಡ್, ಪೌರತ್ವವಲ್ಲ. ಒಂದು ವರ್ಷ ಮೀರಿ ಅಮೆರಿಕದ ಹೊರಗಿದ್ದರೆ ಬರೀ ಕಾರ್ಡ್ ತೋರಿಸಿ ಒಳಗೆ ಬರಲಾಗುವುದಿಲ್ಲ. ಅದಕ್ಕೆ ಮರುಪ್ರವೇಶದ ಪರವಾನಗಿ ಬೇಕು, ಅರ್ಜಿ ಐ-131, ಅವಧಿ ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸಲ್ಲಿಸುವಾಗ ಅವನು ಅಮೆರಿಕದೊಳಗೆ ಇರಲೇಬೇಕು, ಬೆರಳಚ್ಚು ಕೊಡಲು ಕರೆ ಬರಬಹುದು, ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಪೌರತ್ವಕ್ಕೆ ಬೇಕಾದ ಸತತ ವಾಸದ ಲೆಕ್ಕವೂ ಈ ಎರಡು ವರ್ಷದಿಂದ ಕಡಿದುಹೋಗಬಹುದು; ಧಾರ್ಮಿಕ ಸೇವೆಗೆ ಹೋಗುವವರಿಗೆ ಅದನ್ನು ಉಳಿಸಿಕೊಳ್ಳಲು ಎನ್-470 ಎಂಬ ಅರ್ಜಿಯಿದೆ, ಅವನಿಗೆ ಅದು ಅನ್ವಯಿಸುತ್ತದೆಯೇ ಎಂದು ವಲಸೆ ವಕೀಲರೇ ಹೇಳಬೇಕು. ಚರ್ಚಿನ ಪ್ರಯಾಣ ವಿಭಾಗ ಫಿಲಿಪ್ಪೀನ್ಸ್ ವೀಸಾ ನೋಡಿಕೊಳ್ಳುತ್ತದೆ, ಅವನ ಅಮೆರಿಕದ ಕಾಗದಪತ್ರವನ್ನೂ ಅವರೇ ನೋಡಿಕೊಳ್ಳುತ್ತಾರೆಂದು ಕೂರಬೇಡಿ. ವಕೀಲರ ಬಳಿಗೆ ಯಜಮಾನರೇ ಮಗನನ್ನು ಕರೆದುಕೊಂಡು ಹೋಗಲಿ. ಮಾತು ಬಿಟ್ಟ ಅಪ್ಪ ಮಗನಿಗೆ ಒಂದೇ ಕಾರಿನಲ್ಲಿ ಕೂರಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು, ಮತ್ತು ಇದು ಈ ವಾರವೇ ಆಗಬೇಕಾದ ಕೆಲಸ.